ವಾರಂಟಿ ಮುಗಿದ ಮೇಲೆ

ಮನುಷ್ಯನ ಸತ್ಯನಿಷ್ಠೆಗೆ ಪರೀಕ್ಷೆ ಒದಗುವುದು ಬದುಕಿನ ದೊಡ್ಡ ಸಂದರ್ಭಗಳಲ್ಲಿ ಎಂಬುದು ನಮ್ಮಲ್ಲಿ ಬಹುಮಂದಿಯ ಭಾವನೆ. ನಾನೂ ಹಾಗೆಯೇ ಭಾವಿಸಿದ್ದೆ. ಆದರೆ ನನಗೆ ಆ ಪರೀಕ್ಷೆ ಒದಗಿದ್ದು ಮನೆಯ ಹಿತ್ತಲಿನಲ್ಲಿ, ಕೆಟ್ಟು ನಿಂತ ವಾಷಿಂಗ್ ಮಷಿನ್ನಿನ ಮುಂದೆ. ಅದೂ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರವನ್ನು ಬೋಧಿಸಿ, ಲೆಕ್ಕಪತ್ರದ ಶುದ್ಧಿಯನ್ನು ಕುರಿತು ಸಾವಿರಾರು ವಿದ್ಯಾರ್ಥಿಗಳಿಗೆ ಉಪದೇಶಿಸಿ ನಿವೃತ್ತನಾದ ಮೇಲೆ! ಆ ಪರೀಕ್ಷೆಯಲ್ಲಿ ನಾನು ಮೊದಲು ಸೋತೆ ಎಂಬುದನ್ನು ಮುಚ್ಚಿಡದೆ ಹೇಳಿಬಿಡುವುದೇ ಈ ಬರಹದ ಉದ್ದೇಶ.

ನನ್ನ ಪತ್ನಿಗೆ ಮೊಣಕಾಲು ನೋವು ಹೆಚ್ಚಾಗಿ, ಒಗೆಯುವ ಕಲ್ಲಿನ ಮುಂದೆ ನಿಲ್ಲುವುದು ಕಷ್ಟವಾದಾಗ ನಾವು ಆ ಯಂತ್ರವನ್ನು ಕೊಂಡೆವು. ಬೆಲೆ 24,500 ರೂಪಾಯಿ. ಅಂಗಡಿಯ ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ಮೈಸೂರಿನಲ್ಲಿ ಒಳ್ಳೆಯ ಹೆಸರು ಸಂಪಾದಿಸಿದವನು. ಅವನೇ ಜೊತೆಗೆ ಬಂದು, ಅದೇ ದಿನ ಸಂಜೆ ಯಂತ್ರವನ್ನು ಜೋಡಿಸಿಸಿ, ಎರಡು ವರ್ಷದ ವಾರಂಟಿ ಕಾರ್ಡಿಗೆ ಸಹಿ ಹಾಕಿ ಕೊಟ್ಟುಹೋದ. ಕಾರ್ಡನ್ನು ನಾನು ಓದಲಿಲ್ಲ. ವಿಮಾಪತ್ರ, ಬ್ಯಾಂಕಿನ ಪಾಸ್‌ಬುಕ್ಕುಗಳ ಜೊತೆಯಲ್ಲಿ ಬೀರುವಿನಲ್ಲಿಟ್ಟೆ. ಕಾಗದವನ್ನು ಜೋಪಾನ ಮಾಡಿದರೆ ಹಕ್ಕನ್ನೂ ಜೋಪಾನ ಮಾಡಿದಂತೆ ಎಂದು ತಿಳಿದಿದ್ದೆ.

ಇಪ್ಪತ್ತೆರಡನೆಯ ತಿಂಗಳಿನಲ್ಲಿ ಒಂದು ದಿನ, ಯಂತ್ರ ಅರ್ಧ ಒಗೆತದಲ್ಲಿ ನಿಂತಿತು. ಒಳಗೆ ನೀರು ತುಂಬಿತ್ತು, ಬಾಗಿಲು ತೆರೆಯಲೊಲ್ಲದು. ಆಗ ಮನೆಯಲ್ಲಿದ್ದ ನನ್ನ ಮಗಳು ತನ್ನ ಫೋನಿನಿಂದ ಕಂಪನಿಗೆ ದೂರು ಕೊಟ್ಟಳು. ಮರುದಿನ ಬಂದ ಹುಡುಗ ಪ್ಲಗ್ಗನ್ನು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ, ಯಾವುದೋ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದ. ಯಂತ್ರ ನಡೆಯಿತು. "ರೀಸೆಟ್ ಮಾಡಿದ್ದೇನೆ, ಇನ್ನೇನೂ ತೊಂದರೆ ಇಲ್ಲ" ಎಂದು ಹೇಳಿ ಕಾಫಿ ಕುಡಿದು ಹೋದ. ಅವನು ಯಾವ ಕಾಗದವನ್ನೂ ಕೊಡಲಿಲ್ಲ. ನಾವೂ ಕೇಳಲಿಲ್ಲ. ಹಣ ಕೊಡದ ಕೆಲಸಕ್ಕೆ ರಸೀದಿ ಏಕೆ ಎಂಬ ಉದಾಸೀನ ನಮ್ಮದು.

ವಾರಂಟಿಯ ಎರಡು ವರ್ಷ ಮುಗಿದು ಹದಿನೇಳನೆಯ ದಿನ ಅದೇ ಯಂತ್ರ, ಅದೇ ರೀತಿಯಲ್ಲಿ, ಒಳಗೆ ನೀರು ತುಂಬಿಕೊಂಡು ನಿಂತಿತು. ಈ ಸಲ ಗುಂಡಿಗಳನ್ನು ಎಷ್ಟು ಒತ್ತಿದರೂ ಅದಕ್ಕೆ ಜೀವ ಬರಲಿಲ್ಲ. ಕಂಪನಿಯಿಂದ ಬಂದವರು ಬೇರೆಯವರು. ಹಿಂಬದಿಯ ಮುಚ್ಚಳ ತೆಗೆದು ನೋಡಿ, "ಬೋರ್ಡು ಹೋಗಿದೆ, ಹೊಸದಕ್ಕೆ 6,800 ಆಗುತ್ತದೆ, ವಾರಂಟಿ ಮುಗಿದಿದೆ" ಎಂದರು. ಅದೇ ಉಸಿರಿನಲ್ಲಿ, "ಇಷ್ಟು ಖರ್ಚು ಮಾಡುವುದಕ್ಕಿಂತ ಎಕ್ಸ್‌ಚೇಂಜಿನಲ್ಲಿ ಕೊಟ್ಟುಬಿಡಿ. ಹಳೆಯದಕ್ಕೆ 1,500 ಹಿಡಿದು ಹೊಸದನ್ನು ಕೊಡುತ್ತಾರೆ" ಎಂಬ ಸಲಹೆಯನ್ನೂ ಕೊಟ್ಟರು. ಹೊರಮೈಯಲ್ಲಿ ಒಂದು ಗೀರೂ ಇಲ್ಲದ, ಮೋಟಾರು ಗಟ್ಟಿಯಾಗಿರುವ ಯಂತ್ರವೊಂದು ಎರಡು ವರ್ಷ ಹದಿನೇಳು ದಿನಕ್ಕೆ ಗುಜರಿಯ ವಸ್ತುವಾಯಿತೆಂದರೆ ಮನಸ್ಸು ಒಪ್ಪುವುದಾದರೂ ಹೇಗೆ?

ನಮ್ಮ ಬಡಾವಣೆಯಲ್ಲಿ ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರನ್ನು ಕರೆಸಿದೆ. ಅವರು ಬೋರ್ಡನ್ನು ಹೊರತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಅದರ ಮೇಲೆಲ್ಲ ಅರೆಪಾರದರ್ಶಕವಾದ ದಪ್ಪ ಅಂಟು ಸುರಿದು ಗಟ್ಟಿಯಾಗಿಸಲಾಗಿತ್ತು. "ಯಜಮಾನರೇ, ಒಳಗೆ ಹೋಗಿರುವುದು ಒಂದು ರಿಲೇ ಇರಬಹುದು, ಒಂದು ಕೆಪಾಸಿಟರ್ ಇರಬಹುದು. ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಆದರೆ ಈ ಅಂಟನ್ನು ಕೆರೆಯಲು ಹೋದರೆ ಪಕ್ಕದ ಹತ್ತು ಸಾಮಾನು ಕಿತ್ತುಬರುತ್ತವೆ. ತೇವ ತಗಲಬಾರದೆಂದು ಸುರಿಯುತ್ತಾರೆ, ಅದು ನ್ಯಾಯವೇ. ಆದರೆ ನನ್ನ ಕೈಗೆ ಬೀಗ ಬಿದ್ದ ಹಾಗೆ" ಎಂದರು. ಬಂದುಹೋದದ್ದಕ್ಕೆ ಏನನ್ನೂ ತೆಗೆದುಕೊಳ್ಳಲಿಲ್ಲ. ಮಾಡದ ಕೆಲಸಕ್ಕೆ ಕೂಲಿ ಬೇಡವೆಂದರು. ಆ ಮಾತು ಮುಂದೆ ನನಗೆ ಬಹಳ ಸಲ ನೆನಪಾಯಿತು.

ಉಳಿದದ್ದು ಅಂಗಡಿಯವನು. ನನ್ನ ಮಾತನ್ನು ಪೂರ್ತಿ ಕೇಳಿ ಅವನು ನಿಜಕ್ಕೂ ನೊಂದುಕೊಂಡ. ಆಮೇಲೆ ಸ್ವಲ್ಪ ಯೋಚಿಸಿ, ಧ್ವನಿ ತಗ್ಗಿಸಿ, "ಸಾರ್, ಒಂದು ದಾರಿ ಇದೆ. ಬಿಲ್ಲು ಕಂಪ್ಯೂಟರಿನಲ್ಲಿದೆ, ಅದನ್ನು ಮುಟ್ಟುವ ಹಾಗಿಲ್ಲ. ಆದರೆ ತಮ್ಮ ಮನೆಯಲ್ಲಿ ಆಗ ಏನೋ ಗಾರೆ ಕೆಲಸ ನಡೆಯುತ್ತಿತ್ತು, ಯಂತ್ರವನ್ನು ಒಂದು ತಿಂಗಳು ತಡವಾಗಿ ಜೋಡಿಸಿದೆವು ಎಂದು ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುತ್ತೇನೆ. ನಮ್ಮ ಪತ್ರವನ್ನು ಕಂಪನಿಯವರು ಒಪ್ಪುತ್ತಾರೆ. ತಾವು ಚಿಂತೆ ಮಾಡಬೇಡಿ" ಎಂದ. ಐದು ನಿಮಿಷದಲ್ಲಿ ಪತ್ರ ಸಿದ್ಧವಾಯಿತು. ನಾನು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ದಾರಿಯುದ್ದಕ್ಕೂ ನನ್ನ ಮನಸ್ಸು ಎಂಥ ಚೊಕ್ಕ ವಾದಗಳನ್ನು ಹೂಡಿತೆಂಬುದನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ. ದೋಷ ಕಾಣಿಸಿಕೊಂಡದ್ದು ವಾರಂಟಿಯ ಒಳಗೆ, ಇದು ಸತ್ಯ. ಕಂಪನಿಯ ಮನುಷ್ಯ ಅದನ್ನು ಸರಿಪಡಿಸದೆ ಮುಂದೂಡಿದ, ಇದೂ ಸತ್ಯ. ನನಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ಪಡೆಯಲು ಒಂದು ಸುಳ್ಳು ಕಾಗದ ನೆರವಾದರೆ ತಪ್ಪೇನು? ನಾನು ಯಾರದನ್ನೂ ಕದಿಯುತ್ತಿಲ್ಲ. ನನ್ನಿಂದ ಕದ್ದುದನ್ನು ಮರಳಿ ಪಡೆಯುತ್ತಿದ್ದೇನೆ. ಮೇಲಾಗಿ ಅಷ್ಟು ದೊಡ್ಡ ಕಂಪನಿಗೆ ಒಂದು ಬೋರ್ಡು ಯಾವ ಲೆಕ್ಕ? ಓದುಗರೇ, ನ್ಯಾಯವಾದ ಬೇಡಿಕೆ ಕೈಯಲ್ಲಿರುವಾಗ ಮನುಷ್ಯ ತನಗೆ ತಾನೇ ಮೋಸ ಮಾಡಿಕೊಳ್ಳುವುದು ಎಷ್ಟು ಸುಲಭವೆಂಬುದು ನನಗೆ ಅಂದು ತಿಳಿಯಿತು.

ಪತ್ರವನ್ನು ನನ್ನ ಪತ್ನಿಗೆ ಓದಿ ಹೇಳಿದೆ. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು. ಆ ಹೊತ್ತಿಗೆ ನಾಲ್ಕು ದಿನಗಳಿಂದ ಮತ್ತೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಾನು ಒಪ್ಪಿಗೆಯನ್ನು ನಿರೀಕ್ಷಿಸಿದ್ದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಆ ಒಂದು ತಿಂಗಳು ನಾನು ಬಟ್ಟೆ ಎಲ್ಲಿ ಒಗೆದೆ ಅಂತ ಹೇಳಲಿ? ಕಂಪನಿಯವರು ಬಂದು ಕೇಳಿದರೆ ನಾನೂ ನಿಮ್ಮ ಜೊತೆ ಸುಳ್ಳು ಹೇಳಬೇಕೇನು?"

ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಸುಳ್ಳು ಕಾಗದದಲ್ಲಿ ನಿಂತುಬಿಡುವುದಿಲ್ಲ, ಅದಕ್ಕೆ ಸಾಕ್ಷಿಗಳು ಬೇಕಾಗುತ್ತಾರೆ. ಮೊದಲ ಸಾಕ್ಷಿ ನನ್ನ ವಿದ್ಯಾರ್ಥಿ, ಎರಡನೆಯವಳು ನನ್ನ ಹೆಂಡತಿ. ತರಗತಿಯಲ್ಲಿ ಅದೇ ಹುಡುಗನಿಗೆ, ಓಚರಿಲ್ಲದೆ ಜಮಾಖರ್ಚಿಲ್ಲ, ಓಚರು ಸುಳ್ಳಾದರೆ ಪುಸ್ತಕವೆಲ್ಲ ಸುಳ್ಳು ಎಂದು ಹೇಳಿಕೊಟ್ಟವನು ನಾನೇ. ಈಗ ಅವನಿಂದ ಸುಳ್ಳು ಓಚರು ಬರೆಸಿಕೊಂಡು ಬಂದವನೂ ನಾನೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸಿರುವುದು ನಮ್ಮ ಓದುಗರಿಗೆ ಹೊಸದಲ್ಲ. ಅಚೌರ್ಯದ ಅತಿಚಾರಗಳಲ್ಲಿ ತೂಕ ಅಳತೆಗಳನ್ನು ಹೆಚ್ಚು ಕಡಿಮೆ ಮಾಡುವುದು, ಒಂದು ವಸ್ತುವಿನ ಹೆಸರಿನಲ್ಲಿ ಇನ್ನೊಂದನ್ನು ದಾಟಿಸುವುದು ಸೇರಿವೆ. ಮಾರುವವನ ಮೇಲೆ ಗ್ರಾಹಕನು ಹೊರಿಸುವ ದೂರುಗಳೆಲ್ಲ ಬಹುಮಟ್ಟಿಗೆ ಅಲ್ಲಿಯೇ ಅಡಗಿವೆ. ಆದರೆ ಅದಕ್ಕೆ ಒಂದು ಹೆಜ್ಜೆ ಹಿಂದೆ, ಸತ್ಯಾಣುವ್ರತದ ಅತಿಚಾರಗಳ ನಡುವೆ, ಕೂಟಲೇಖಕ್ರಿಯೆ ಎಂಬುದಿದೆ. ಎಂದರೆ ಸುಳ್ಳು ಪತ್ರ ಬರೆಯುವುದು. ಬಾಲ್ಯದಿಂದ ಕೇಳಿದ್ದ ಆ ಪದಕ್ಕೆ ನನ್ನ ಜೇಬಿನಲ್ಲಿ ಮಡಿಸಿಟ್ಟ ಕಾಗದವೇ ಅರ್ಥವೆಂಬುದು ಅಂದು ರಾತ್ರಿ ಹೊಳೆಯಿತು. ಮಾರುವವನ ಸುಳ್ಳು ಅಳತೆ, ಕೊಳ್ಳುವವನ ಸುಳ್ಳು ಪತ್ರ, ಇವೆರಡನ್ನೂ ಹಿರಿಯರು ಅಕ್ಕಪಕ್ಕದಲ್ಲಿಯೇ ಇಟ್ಟಿದ್ದಾರೆ. ಕೊಳ್ಳುವವನಿಗೆ ಅನ್ಯಾಯವಾಗಿದ್ದರೆ ಅಡ್ಡಿಯಿಲ್ಲ ಎಂಬ ವಿನಾಯಿತಿ ಅಲ್ಲಿಲ್ಲ.

ಮಾರನೆಯ ದಿನ ಪತ್ರವನ್ನು ಹರಿದುಹಾಕಿ, ಅಂಗಡಿಗೆ ಹೋಗಿ ಹಾಗೆಂದು ತಿಳಿಸಿದೆ. "ನಿನ್ನಿಂದ ಅದನ್ನು ಬರೆಸಿಕೊಂಡದ್ದು ನನ್ನ ತಪ್ಪಪ್ಪಾ" ಎಂದೆ. ಅವನು ತಲೆ ತಗ್ಗಿಸಿದ. ಅವನ ಮುಖದಲ್ಲಿದ್ದುದು ನಾಚಿಕೆಯೋ, ಮಾಡಿದ ಉಪಕಾರ ವ್ಯರ್ಥವಾಯಿತೆಂಬ ಬೇಸರವೋ, ನಾನು ಅರಿಯೆ.

ಆದರೆ ಸುಳ್ಳನ್ನು ಬಿಟ್ಟ ಮಾತ್ರಕ್ಕೆ ಹಕ್ಕನ್ನೂ ಬಿಡಬೇಕಾಗಿಲ್ಲ. ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ನಮ್ಮಲ್ಲಿ ಸಜ್ಜನರೆನಿಸಿಕೊಂಡವರು ಅನೇಕರು ವಂಚನೆಗೆ ಒಳಗಾದಾಗ, "ಹೋಗಲಿ, ಕರ್ಮ" ಎಂದು ಸುಮ್ಮನಾಗಿ ಅದನ್ನೇ ಸಹನೆ ಎಂದು ತಿಳಿಯುತ್ತಾರೆ. ಅಂಥ ಮೌನದಿಂದ ಮುಂದಿನ ಗ್ರಾಹಕನಿಗೂ ಅದೇ ಗತಿಯಾಗುತ್ತದೆ. ಸತ್ಯವನ್ನು ಹಿಡಿದು ಕೇಳುವುದು ಜಗಳವಲ್ಲ.

ಕೇಳಲು ಆಧಾರ ಬೇಕಿತ್ತು. ಅದೂ ನನ್ನ ಪತ್ನಿಗೇ ಹೊಳೆಯಿತು. ಮೊದಲ ದೂರನ್ನು ಕೊಟ್ಟದ್ದು ಮಗಳ ಫೋನಿನಿಂದಲ್ಲವೇ? ಬೆಂಗಳೂರಿನಲ್ಲಿರುವ ಅವಳಿಗೆ ಹೇಳಿ ಹುಡುಕಿಸಿದೆವು. ದೂರಿನ ಸಂಖ್ಯೆ, ದಿನಾಂಕ, ಕೆಲಸ ಮುಗಿಯಿತೆಂಬ ಸಂದೇಶ ಮೂರೂ ಅವಳ ಫೋನಿನಲ್ಲಿ ಉಳಿದಿದ್ದವು. ನಾವು ಸುಳ್ಳು ಸಾಕ್ಷ್ಯವನ್ನು ಸೃಷ್ಟಿಸಲು ಹೊರಟಾಗ ನಿಜವಾದ ಸಾಕ್ಷ್ಯ ಮನೆಯವರ ಕೈಯಲ್ಲಿಯೇ ಇತ್ತು. ಇರದೆಯೂ ಹೋಗಬಹುದಿತ್ತು, ಇರದಿದ್ದರೆ 6,800 ರೂಪಾಯಿಯನ್ನು ನಮ್ಮ ಅಜಾಗರೂಕತೆಯ ಬೆಲೆಯೆಂದು ತೆರಬೇಕಾಗುತ್ತಿತ್ತು. ಆಗಲೂ ಆ ಪತ್ರವನ್ನು ಹರಿದದ್ದು ಸರಿಯೇ ಆಗಿರುತ್ತಿತ್ತು.

ಒಂದು ಪುಟದ ಪತ್ರ ಬರೆದೆ. ಕೊಂಡ ದಿನ, ಮೊದಲ ದೋಷದ ದಿನ, ದೂರಿನ ಸಂಖ್ಯೆ, ಬಂದವರು ಮಾಡಿದ್ದು, ಎರಡನೆಯ ಸಲ ಕಂಡ ದೋಷ, ನಾನು ಕೇಳುವ ಪರಿಹಾರ, ಇಷ್ಟೇ. ವಾರಂಟಿ ಹದಿನೇಳು ದಿನ ಮೀರಿದೆಯೆಂಬುದನ್ನು ನಾನೇ ಮೊದಲ ಸಾಲುಗಳಲ್ಲಿ ಒಪ್ಪಿಕೊಂಡೆ. ಬಿಲ್ಲಿನ ಪ್ರತಿಯೊಡನೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಹದಿನೈದು ದಿನ ಉತ್ತರವಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ನೆಯ ಸಂಖ್ಯೆಗೆ ಫೋನು ಮಾಡಿ ದೂರನ್ನು ನೋಂದಾಯಿಸಿದೆ. ಏಳು ದಿನಗಳಲ್ಲಿ ಕಂಪನಿಯಿಂದ ಕರೆ ಬಂತು. ತಪ್ಪನ್ನು ಅವರು ಒಪ್ಪಲಿಲ್ಲ. "ಸೌಹಾರ್ದದ ದೃಷ್ಟಿಯಿಂದ" ಬೋರ್ಡನ್ನು ಉಚಿತವಾಗಿ ಹಾಕಿಕೊಡುವುದಾಗಿಯೂ, ಬಂದುಹೋಗುವ ಶುಲ್ಕವನ್ನು ನಾವು ಕೊಡಬೇಕೆಂದೂ ಹೇಳಿದರು. ಕೊಟ್ಟೆವು. ಈ ಸಲ ರಸೀದಿಯನ್ನು ಕೇಳಿ ಪಡೆದೆವು. ಇದನ್ನು ವಿಜಯವೆಂದು ನಾನು ಕರೆಯಲಾರೆ. ಸುಮಾರು ಒಂದು ತಿಂಗಳ ಬಟ್ಟೆಯನ್ನು ಒಗೆದವಳು ಮೊಣಕಾಲು ನೋವಿನ ನನ್ನ ಪತ್ನಿ. ಆ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ.

ಈ ಪ್ರಸಂಗದ ಅನಂತರ ಕಾನೂನನ್ನು ಸ್ವಲ್ಪ ಓದಿದೆ. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ 1962ರ ಮಾರ್ಚ್ 15ರಂದು ತಮ್ಮ ದೇಶದ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ ಗ್ರಾಹಕರ ನಾಲ್ಕು ಹಕ್ಕುಗಳನ್ನು ಹೆಸರಿಸಿದರು. ಆ ದಿನವೇ ಇಂದು ವಿಶ್ವ ಗ್ರಾಹಕರ ಹಕ್ಕುಗಳ ದಿನ. ನಮ್ಮ ದೇಶದ ಗ್ರಾಹಕ ಸಂರಕ್ಷಣಾ ಕಾಯಿದೆಗೆ 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಿಂದಿನ ಜಿಲ್ಲಾ ವೇದಿಕೆ ಈಗ ಜಿಲ್ಲಾ ಆಯೋಗವಾಗಿದೆ. ವಸ್ತುವನ್ನು ಎಲ್ಲಿಯೇ ಕೊಂಡಿದ್ದರೂ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ದೂರಿಗೆ ಕಾರಣ ಒದಗಿದ ಎರಡು ವರ್ಷಗಳ ಒಳಗೆ ಹೋಗಬೇಕು. ಇನ್ನೊಂದು ವಿಷಯ ನನ್ನನ್ನು ಚುಚ್ಚಿತು. ಮಾರಿದ ಸರಕಿಗೆ ಅಥವಾ ಸಲ್ಲಿಸಿದ ಸೇವೆಗೆ ನಿಯಮಾನುಸಾರ ಬಿಲ್ಲು, ರಸೀದಿ ಕೊಡದಿರುವುದನ್ನೂ ಈ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಎಣಿಸುತ್ತದೆ. ಕಾಫಿ ಕೊಟ್ಟು ಕಳುಹಿಸಿದ ಆ ಹುಡುಗನಿಂದ ಎರಡು ಸಾಲು ಬರೆಸಿಕೊಂಡಿದ್ದರೆ ಸುಳ್ಳು ಪತ್ರದ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಮ್ಮ ಯಂತ್ರದ ದೋಷವೇನೋ ವಾರಂಟಿಯೊಳಗೆ ಮೊಳೆತದ್ದು. ನಿಜವಾಗಿಯೂ ವಾರಂಟಿ ಮುಗಿದ ಮೇಲೆ ಕೆಟ್ಟ ವಸ್ತುವಿನ ಗತಿಯೇನು? ಆಗ ಉಚಿತ ರಿಪೇರಿಯನ್ನು ಕೇಳುವುದು ನ್ಯಾಯವಲ್ಲ. ಆದರೆ ಹಣ ಕೊಟ್ಟು ರಿಪೇರಿ ಮಾಡಿಸಿಕೊಳ್ಳುವ ದಾರಿಯಾದರೂ ತೆರೆದಿರಬೇಕು. ಬಿಡಿಭಾಗ ಸಿಗಬೇಕು, ಅದರ ಬೆಲೆ ಯೋಗ್ಯವಾಗಿರಬೇಕು, ಬಿಚ್ಚಿ ನೋಡಬಲ್ಲ ಮೆಕ್ಯಾನಿಕ್ಕಿಗೆ ಅದರ ವಿವರ ದೊರೆಯಬೇಕು. ವಸ್ತುವಿನ ಆಯುಸ್ಸನ್ನು ಬೇಕೆಂದೇ ಕುಗ್ಗಿಸಿದ ನಿದರ್ಶನ ಚರಿತ್ರೆಯಲ್ಲಿದೆ. 1924ರಲ್ಲಿ ಜಗತ್ತಿನ ಪ್ರಮುಖ ವಿದ್ಯುದ್ದೀಪ ತಯಾರಕರು ಜಿನೀವಾದಲ್ಲಿ ಕೂಡಿ, ಬಲ್ಬು ಸುಮಾರು 1,000 ಗಂಟೆಗಿಂತ ಹೆಚ್ಚು ಉರಿಯದಂತೆ ಕಟ್ಟು ಮಾಡಿಕೊಂಡರು. ಹೆಚ್ಚು ಬಾಳುವ ಬಲ್ಬು ತಯಾರಿಸಿದವರಿಗೆ ದಂಡ! ನಮ್ಮ ದೇಶದಲ್ಲಿಯೇ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳೂ ರಿಪೇರಿಯ ವಿವರಗಳೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ತಡೆದರೆಂಬುದು ಅದಕ್ಕೆ ಕಾರಣ. ಅದರ ಮೇಲೆ ಮೇಲ್ಮನವಿಗಳೂ ನಡೆದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರ್ 24ರಂದು ತಯಾರಕರ ರಿಪೇರಿ ವಿವರಗಳು ಒಂದೆಡೆ ದೊರೆಯುವಂತೆ ಅಂತರಜಾಲ ತಾಣವನ್ನು ತೆರೆಯಿತು. ದಾರಿ ಇನ್ನೂ ದೂರವಿದೆ, ಆದರೆ ಹೆಜ್ಜೆ ಇಟ್ಟದ್ದಾಗಿದೆ.

ಕಳೆದ ವರ್ಷ ನಮ್ಮ ಹನ್ನೊಂದು ವರ್ಷದ ಮಿಕ್ಸಿ ನಿಂತಿತು. ಇದಕ್ಕೆ ಯಾರ ಮೇಲೂ ದೂರಿಲ್ಲ. ಅದೇ ಮೆಕ್ಯಾನಿಕ್ಕರ ಬಳಿಗೆ ಒಯ್ದೆ. ಅವರು ನನ್ನ ಮುಂದೆಯೇ ಬಿಚ್ಚಿ, ಸವೆದು ಗಿಡ್ಡವಾದ ಎರಡು ಕಾರ್ಬನ್ ಬ್ರಷ್ಷುಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ಮೋಟಾರಿಗೆ ವಿದ್ಯುತ್ತು ದಾಟಿಸುವ ಈ ತುಂಡುಗಳು ಸವೆಯಲೆಂದೇ ಇರುವಂಥವು. ತಾವು ಸವೆದು ಒಳಗಿನ ತಾಮ್ರವನ್ನು ಉಳಿಸುತ್ತವೆ. ಅವನ್ನೂ ಜಾರು ಗಟ್ಟಿದ್ದ ರಬ್ಬರು ಕಪ್ಲರನ್ನೂ ಬದಲಿಸಿ ಒಟ್ಟು 220 ರೂಪಾಯಿ ತೆಗೆದುಕೊಂಡರು. ಹಳೆಯ ಭಾಗಗಳನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿತ್ತು, "ಬದಲಾಯಿಸಿದ್ದೇನೆ ಎನ್ನುವುದಕ್ಕೆ ಇದೇ ಸಾಕ್ಷಿ" ಎಂದರು. ಕೇಳದೆಯೇ ಸಾಕ್ಷ್ಯ ಕೊಡುವ ವ್ಯಾಪಾರ ಅವರದು.

ಎಲ್ಲವನ್ನೂ ಕಂಡಕಂಡವರಿಂದ ಬಿಚ್ಚಿಸಬೇಕೆಂದು ನಾನು ಹೇಳುತ್ತಿಲ್ಲ. ಇತ್ತೀಚಿನ ಅನೇಕ ಫ್ರಿಜ್ಜುಗಳಲ್ಲಿರುವ ಅನಿಲ ಬೆಂಕಿ ಹಿಡಿಯುವಂಥದು. ಮೈಕ್ರೋವೇವ್ ಒಲೆಯ ಒಳಗಿನ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಪ್ರಾಣಾಪಾಯದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅಂಥವು ತರಬೇತಿ ಪಡೆದವರ ಕೆಲಸ. ಆದರೆ ರಿಪೇರಿಯಾಗಬಲ್ಲ ವಸ್ತುವನ್ನು ಬರಿಯ ಬೇಸರದಿಂದ ಬೀದಿಗೆ ಎಸೆಯುವುದು ನಮಗೆ ಶೋಭಿಸದು. ಅದರೊಳಗಿನ ಸೀಸವೂ ಅನಿಲವೂ ಮಣ್ಣು ನೀರು ಗಾಳಿಗಳನ್ನು ಸೇರಿ ಎಷ್ಟು ಜೀವಗಳಿಗೆ ಹಿಂಸೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಪೇರಿ ಸಾಧ್ಯವೇ ಇಲ್ಲದಾಗ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಹಳೆಯ ಉಪಕರಣಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ಈಗ ನಮ್ಮ ಮನೆಯಲ್ಲಿ ಒಂದು ನೂರು ಪುಟದ ನೋಟುಪುಸ್ತಕವಿದೆ. ಯಾವ ಯಂತ್ರ ಎಂದು ಬಂತು, ಎಂದು ಕೆಟ್ಟಿತು, ಯಾರು ಬಂದರು, ಏನು ಮಾಡಿದರು, ಎಷ್ಟು ಕೊಟ್ಟೆವು ಎಂಬುದನ್ನೆಲ್ಲ ನನ್ನ ಪತ್ನಿ ಬರೆದಿಡುತ್ತಾಳೆ. ಬಂದವರ ಸಹಿಯನ್ನೂ ಹಾಕಿಸಿಕೊಳ್ಳುತ್ತಾಳೆ. ಯಾರೂ ಬೇಡವೆಂದದ್ದಿಲ್ಲ. ವಾಣಿಜ್ಯಶಾಸ್ತ್ರದ ಅಧ್ಯಾಪಕನಿಗೆ ಹೊಳೆಯದ ಲೆಕ್ಕದ ಪುಸ್ತಕ ಅದು. ಅದರ ಮೊದಲ ಪುಟದ ಮೊದಲ ಸಾಲಿನಲ್ಲಿ ವಾಷಿಂಗ್ ಮಷಿನ್ ನಮ್ಮ ಮನೆಗೆ ಬಂದ ದಿನಾಂಕವಿದೆ. ನಿಜವಾದ ದಿನಾಂಕ.